ಮಹಾಮಾಯಾಳ ಕತ್ತರಿ

ಔರಾದದಿಂದ ಭಾಲ್ಕಿಯ ಶಾಲೆಗೆ ವರ್ಗವಾಗಿ ಬಂದ ವಾರದಲ್ಲಿಯೇ ವರದಾಬಾಯಿಯವರು ಕುಪ್ಪಸದ ಬಟ್ಟೆ ಹಿಡಿದು ಮಹಾಮಾಯಾಳ ಮನೆ ಹುಡುಕಿಕೊಂಡು ಹೋದರು. ಆಕೆ ಒಮ್ಮೆ ಅಳತೆ ತೆಗೆದುಕೊಂಡಳು, ಸೀಮೆಸುಣ್ಣದ ಗೆರೆ ಎಳೆದಳು, ಕತ್ತರಿ ಇಟ್ಟಳು. ಅದು ಎಲ್ಲಿಯೂ ತಡೆಯದೆ ಬಟ್ಟೆಯ ಮೇಲೆ ಹರಿಯಿತು.

"ಹೊಲಿಯೋದು ಯಾರರ ಹೊಲೀತಾರ್ರಿ ಬಾಯಾರ. ಕಟಿಂಗ್ ನೋಡ್ರಿ, ಅದರಾಗೇ ಎಲ್ಲಾ ಅದ" ಎಂದಳು.

ಕೆಲವು ವರ್ಷಗಳ ಮೇಲೆ ಆಕೆಗೆ ನಿದ್ರೆ ಬಾರದಾಯಿತು. ಯಾರೂ ಇಲ್ಲದ ಕಡೆಯಿಂದ ಬೈಗುಳ ಕೇಳಿಸತೊಡಗಿದವು. ಗಾಳಿ ಬಡಿದಿದೆ ಎಂದು ಓಣಿಯವರು ಹೇಳಿದ್ದೇ ತಡ, ಅಣ್ಣ ಕಪಿಲ ಆಕೆಯನ್ನು ದೆವ್ವ ಬಿಡಿಸುವವನೊಬ್ಬನ ಬಳಿ ಬಿಟ್ಟುಬಂದ. ಅಲ್ಲಿ ಕಟ್ಟಿಹಾಕಿ ಹೊಡೆದರು. ಕೊನೆಗೆ ವರದಾಬಾಯಿಯವರೇ ಹಟ ಹಿಡಿದು, ಅಣ್ಣತಂಗಿಯರನ್ನು ಬೀದರಿನ ಮನೋವೈದ್ಯರ ಬಳಿಗೆ ಕರೆದೊಯ್ದರು. ಗುಳಿಗೆಗಳು ಹತ್ತಿದವು, ಮಳೆಗಾಲ ಮುಗಿಯುವಷ್ಟರಲ್ಲಿ ಬೈಗುಳ ನಿಂತವು. ಈ ಬೇನೆಯವರು ಹೊಡೆಯುವುದಕ್ಕಿಂತ ಹೊಡೆಸಿಕೊಳ್ಳುವುದೇ ಹೆಚ್ಚು, ಗುಣವಾಯಿತೆಂದು ಗುಳಿಗೆ ಬಿಡಿಸಬೇಡಿ, ಆಕೆಯ ಕೆಲಸ ಆಕೆಗೆ ಕೊಡಿ ಎಂದು ವೈದ್ಯರು ಹೇಳಿ ಕಳಿಸಿದರು.

ಮನೆಯಲ್ಲಿ ಹೊಲಿಗೆಯಂತ್ರ ಇದ್ದಲ್ಲಿಯೇ ಇತ್ತು. ಕತ್ತರಿಯನ್ನು ಮಾತ್ರ ಕಪಿಲ ಅಲಮಾರಿಯಲ್ಲಿಟ್ಟು ಬೀಗ ಹಾಕಿದ್ದ.

"ಆಕಿ ಯಾರಿಗರ ಏನರ ಮಾಡ್ಯಾಳೇನು, ಕಪಿಲ?" ಎಂದು ವರದಾಬಾಯಿಯವರು ಕೇಳಿದರು.

"ಇಲ್ರಿ ಬಾಯಾರ. ಖರೇ ಹೇಳ್ತೇನಿ, ಇಲಿಗೂ ಹೊಡ್ಯಾಕಿ ಅಲ್ಲ. ಆದ್ರ ಮನ್ಯಾಗ ಕೂಸು ಅದ."

"ಡಾಕ್ಟರ್ ಹೇಳಿದ್ದು ನೀನೂ ಕೇಳಿದ್ದಿ."

"ಈಕಿ ಡಾಕ್ಟರ್ ಮನ್ಯಾಗ ಮಲಗಂಗಿಲ್ಲಲ್ರಿ."

ಕತ್ತರಿಸುವ ಕೆಲಸ ಕಪಿಲನ ಹೆಂಡತಿಯ ಪಾಲಿಗೆ ಬಂತು. ಕುಪ್ಪಸಗಳು ಕಂಕುಳಲ್ಲಿ ಬಿಗಿಯಾದವು. ಕತ್ತರಿಸಿದವರು ಯಾರೆಂದು ಗಿರಾಕಿಗಳು ಕೇಳಲಿಲ್ಲ. ತಲೆ ಕೆಟ್ಟವಳ ಹೊಲಿಗೆ ಹೀಗೇ ಎಂದು ಬೇರೆ ಅಂಗಡಿಗೆ ಹೋದರು.

ಈಗ ಮಹಾಮಾಯಾ ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ಅದಕ್ಕೆ ಕತ್ತರಿ ಬೇಕಾಗಿಲ್ಲ ಎಂಬುದು ಕಪಿಲನ ತಿಳಿವಳಿಕೆ. ದಿನಾಲೂ ಗುಳಿಗೆ ನುಂಗಿ ಬಾಗಿಲಲ್ಲಿ ಕೂಡುತ್ತಾಳೆ. ಗಂಟು ಹಾಕಿದಾಗಲೆಲ್ಲ ದಾರವನ್ನು ಹಲ್ಲಿನಿಂದ ಕಡಿಯುತ್ತಾಳೆ. ಮೊನ್ನೆ ವರದಾಬಾಯಿಯವರು ಸೀರೆ ಕೊಡಲು ಹೋದಾಗ ಓಣಿಯ ಹೆಂಗಸರಿಬ್ಬರು ಕೊಡ ಹಿಡಿದು ನಿಂತು ನೋಡುತ್ತಿದ್ದರು.

"ಹ್ಯಾಂಗ ಕಚ್ಚಲಿಕತ್ಯಾಳ ನೋಡವಾ. ಹುಚ್ಚು ಹೋಗ್ಯದಂತ ಯಾರು ಅಂದ್ರು?" ಎಂದಳು ಒಬ್ಬಳು.

ಮಹಾಮಾಯಾ ತಲೆ ಎತ್ತಲಿಲ್ಲ. ತುಟಿಗೆ ಅಂಟಿದ ದಾರದ ತುಂಡು ತೆಗೆದು, "ನಿಮ್ಮ ಸೀರಿ ಶನಿವಾರ ಒಯ್ರಿ, ಬಾಯಾರ" ಎಂದು ಹೇಳಿ ಸೂಜಿ ಪೋಣಿಸಿಕೊಂಡಳು.