ಕೆಜಾಯ ಸೇರಿಸಿದ ಸಾಲು

ಲಾರೆಲ್ ಹಳ್ಳದ ಉದ್ದಕ್ಕೂ ಇದ್ದ ಇಪ್ಪತ್ತು ಮನೆಗಳಲ್ಲಿ ಓದು ಬರಹ ಬರುತ್ತಿದ್ದದ್ದು ನನ್ನ ಹೆಂಡತಿ ಕೆಜಾಯಳಿಗೆ ಮಾತ್ರ. ಅವಳಪ್ಪ ಊರೂರು ತಿರುಗಿ ಬೈಬಲ್ ಬೋಧಿಸುತ್ತಿದ್ದವನು. ನಾನು ನೀರಿನ ಗಿರಣಿಯವನು, ನನಗೆ ಗೊತ್ತಿದ್ದದ್ದು ಗಿರಣಿಯ ಕಲ್ಲೊಂದೇ. "ನಿನ್ನ ಕಲ್ಲಾದ್ರೂ ಆಗಾಗ ಗೊಣಗುತ್ತೆ, ನೀನು ಅದೂ ಇಲ್ಲ" ಎಂದು ಮದುವೆಯಾದಂದಿನಿಂದ ಚುಚ್ಚುತ್ತಿದ್ದಳು.

ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿ, ಕರೊಲಿನಾದ ನಮ್ಮ ಬೆಟ್ಟಗಳ ಗಂಡಸರನ್ನು ದಕ್ಷಿಣದ ಸೈನ್ಯಕ್ಕೆ ಎಳೆದುಕೊಂಡು ಹೋದರು. ಹಿಟ್ಟು ಬೀಸುವವನೆಂದು ನನ್ನನ್ನು ಬಿಟ್ಟರು. ಶನಿವಾರ ಜೋಳ ಬೀಸಿಸಲು ಬರುವ ಹೆಂಗಸರು, ಅವರು ಪಾಳೆಯದಲ್ಲಿ ಬರಹ ಬಲ್ಲವರಿಂದ ಬರೆಸಿ ಕಳಿಸಿದ ಕಾಗದಗಳನ್ನೂ ತರತೊಡಗಿದರು. ಕೆಜಾಯ ಹಿಟ್ಟಿನ ಪೆಟ್ಟಿಗೆಯ ಮೇಲೆ ಕೂತು ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದಳು. ಒಬ್ಬರ ಕಾಗದದಲ್ಲಿ ಇನ್ನೊಬ್ಬರ ಮಗನ ಸುದ್ದಿ ಇರುತ್ತಿತ್ತಲ್ಲ, ಮುಚ್ಚಿಡುವ ಹಾಗಿರಲಿಲ್ಲ. ಎಲ್ಲ ಕಾಗದವೂ 'ನಾನು ಕ್ಷೇಮ, ನೀವೂ ಹಾಗೇ ಇದ್ದೀರೆಂದು ನಂಬಿದ್ದೇನೆ' ಎಂದೇ ಶುರು. ಆಮೇಲೆ ಹೇನು, ಭೇದಿ, ಹುಳ ಬಿದ್ದ ಮಾಂಸ, ಹಸು ಕರು ಹಾಕಿತೇ ಎಂಬ ವಿಚಾರಣೆ. ಗುಂಡಿನ ಮಾತು ಕೊನೆಯಲ್ಲಿ ಎರಡು ಸಾಲು. ಉತ್ತರವನ್ನೂ ಅಲ್ಲೇ, ಎಲ್ಲರೆದುರೇ ಹೇಳಿ ಬರೆಸಬೇಕು. ನಾವು ತಪ್ಪಿದ್ದೇ ಅಲ್ಲಿ. ಹತ್ತು ಜನರ ಮುಂದೆ ಯಾವ ಹೆಂಗಸು ತನ್ನ ಮನೆಯ ಹಸಿವು ಹೇಳಿಕೊಂಡಾಳು?

ಆರ್ಲೀನಾ ಹೇಳಿಕೊಳ್ಳಲಿಲ್ಲ. ಗಂಡ ಹಾರ್ಮನ್ ವರ್ಜೀನಿಯಾದ ಪಾಳೆಯದಲ್ಲಿ, ಇವಳು ಮೂರು ಮಕ್ಕಳೊಂದಿಗೆ ಇಲ್ಲಿ. ಮಾರ್ಚ್ ತಿಂಗಳ ಒಂದು ಶನಿವಾರ ಅವಳು ತಂದ ಪುಟ್ಟ ಚೀಲಕ್ಕೆ ಕೈಹಾಕಿದೆ. ಎಲ್ಲ ಒಂದೇ ಸಮನಾದ ದಪ್ಪ ಕಾಳು. ಬಿತ್ತನೆಗೆಂದು ಸೂರಿಗೆ ಕಟ್ಟಿಟ್ಟ ತೆನೆಗಳನ್ನೇ ಬಿಡಿಸಿ ತಂದಿದ್ದಳು. ನಾನು ಕೆಜಾಯಳ ಮುಖ ನೋಡಿದೆ. ಅವಳಿಗೂ ತಿಳಿದಿತ್ತು.

"ಏನಮ್ಮ ಬರೀಲಿ?"

"ಎಲ್ಲಾ ಚೆನ್ನಾಗಿದೀವಿ ಅಂತ ಬರೀರಿ ಚಿಕ್ಕಮ್ಮ. ಮಕ್ಕಳು ದುಂಡುದುಂಡಗಿದಾರೆ ಅಂತ."

"ಅಷ್ಟೇನಾ?"

"ಅಷ್ಟೇ."

ಎಲ್ಲರೂ ಹೋದ ಮೇಲೆ ಕೆಜಾಯ ಆ ಕಾಗದವನ್ನು ಮತ್ತೆ ಬಿಡಿಸಿ, ಕಾಡುಹಣ್ಣಿನ ಶಾಯಿಯಲ್ಲಿ ಗರಿ ಅದ್ದಿ ಏನೋ ಸೇರಿಸಿದಳು.

"ಏನೇ ಅದು?"

"'ಬಿತ್ತನೆ ಜೋಳ ತಿಂತಿದೀವಿ, ಉಳೋ ಹೊತ್ತಿಗಾದ್ರೂ ಬಾ' ಅಂತ."

"ಅವಳು ಹಾಗೆ ಹೇಳ್ಲಿಲ್ಲವಲ್ಲ."

"ಅವಳ ಚೀಲ ಹೇಳ್ತು. ನೀನು ಸುಮ್ಮನಿರು."

ಸುಮ್ಮನಿರುವುದರಲ್ಲಿ ನಾನು ಎತ್ತಿದ ಕೈ. ಅದಕ್ಕಾಗಿ ಈಗಲೂ ನನಗೆ ನನ್ನ ಮೇಲೆ ಸಿಟ್ಟಿದೆ.

ಏಪ್ರಿಲ್ ಇಡೀ ಕೆಜಾಯ ಆರ್ಲೀನಾಳ ಹೊಲದ ಕಡೆ ಕಣ್ಣಿಟ್ಟಿದ್ದಳು. ಯಾರೂ ನೇಗಿಲು ಹೂಡಲಿಲ್ಲ. ಮೇ ತಿಂಗಳಲ್ಲಿ ಆರ್ಲೀನಾ ತಂದ ಕಾಗದ ಹಾರ್ಮನ್‌ನದಾಗಿರಲಿಲ್ಲ. ಅವನ ದಳದಲ್ಲೇ ಇದ್ದ, ಪಕ್ಕದ ಕಣಿವೆಯ ಎಲೈ ಬರೆದಿದ್ದ. ಕೆಜಾಯ ಕ್ಷೇಮದ ಸಾಲು ಓದಿ ನಿಲ್ಲಿಸಿದಳು. ಕಣ್ಣು ಮಾತ್ರ ಕೆಳಗಿನವರೆಗೂ ಓಡಿತು. ಬೇಕಿದ್ದರೆ ಆ ಸಾಲುಗಳನ್ನು ಹಾರಿಸಿಬಿಡಬಹುದಿತ್ತು. ಹಿಡಿದು ಕೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಅವಳು ಓದಿದಳು.

'ನಿಮ್ಮ ಕಾಗದ ಬಂದ ಮರುದಿನವೇ ಹಾರ್ಮನ್ ಪಾಳೆಯ ಬಿಟ್ಟು ಊರಿಗೆ ಹೊರಟ. ಎಂಟನೆಯ ದಿನ ನದಿ ದಾಟುವಾಗ ಹಿಡಿದರು. ಬಿತ್ತಿದ ಮೇಲೆ ವಾಪಸ್ ಬರುವವನಿದ್ದೆ ಎಂದು ವಿಚಾರಣೆಯಲ್ಲಿ ನಿಮ್ಮ ಕಾಗದವನ್ನೇ ತೋರಿಸಿದ. ಕೇಳಲಿಲ್ಲ. ನಮ್ಮ ದಳದವರನ್ನೇ ನಿಲ್ಲಿಸಿ ಗುಂಡು ಹೊಡೆಸಿದರು. ಬಿತ್ತನೆ ಜೋಳದ ಆ ಸಾಲನ್ನು ಅವನು ನನ್ನಿಂದ ನಾಲ್ಕು ಸಲ ಓದಿಸಿಕೊಂಡಿದ್ದ.'

ನಾನು ನೀರು ಕಟ್ಟಿ ಕಲ್ಲು ನಿಲ್ಲಿಸಿದೆ. ಯಾರೋ ಅಳತೊಡಗಿದರು, ಆರ್ಲೀನಾ ಅಲ್ಲ.

"ಆ ಸಾಲು ನಂದು ಆರ್ಲೀನಾ," ಎಂದಳು ಕೆಜಾಯ, ಎಲ್ಲರಿಗೂ ಕೇಳುವಂತೆ. "ನೀನು ಹೇಳಿರ್ಲಿಲ್ಲ. ನಾನೇ ಸೇರಿಸ್ದೆ."

ಆರ್ಲೀನಾ ಕಾಗದ ಇಸಿದುಕೊಂಡು, ಓದಲು ಬರುವವಳಂತೆ ಅದನ್ನೇ ನೋಡುತ್ತ ನಿಂತಳು.

"ಅವತ್ತು ಇಲ್ಲಿಂದ ಮನೆ ತನಕ ಅದನ್ನೇ ಹೇಳ್ಕೊಂಡು ಹೋಗಿದ್ದೆ ಚಿಕ್ಕಮ್ಮ. ಬಾ, ಬಂದ್ಬಿಡು ಅಂತ. ನಾನು ನುಂಗ್ಕೊಂಡಿದ್ದನ್ನೇ ನೀವು ಬರೆದ್ರಿ. ಈಗ ನಿಮ್ಮನ್ನ ಬೈಯೋಕೂ ನಂಗೆ ಬಾಯಿಲ್ಲ."

ಬೈದಿದ್ದರೆ ಕೆಜಾಯ ತಡೆದುಕೊಳ್ಳುತ್ತಿದ್ದಳು. ಆಮೇಲೆ ಬದುಕಿದ್ದ ಒಂಬತ್ತು ವರ್ಷವೂ ಅವಳು ಊರವರ ಕಾಗದಗಳನ್ನು ಓದಿಕೊಟ್ಟಳು, ಒಂದಕ್ಷರ ಬರೆಯಲಿಲ್ಲ.