ಗಿಣ್ಣು ಹಂಚಿದ ದಿನ

ಇದನ್ನು ಹೇಳಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಲೇ ಮುಂದಕ್ಕೆ ತಳ್ಳುತ್ತ ಬಂದೆ. ಒಂದು ಕರು ಸಾಯಲು ನಾನು ಕಾರಣ. ಆ ತಪ್ಪನ್ನು ನನ್ನ ತಮ್ಮನ ಹೆಂಡತಿಯ ತಲೆಗೆ ಕಟ್ಟಿದೆ. ಬೇಕೆಂದೇ ಕಟ್ಟಿದೆ.

ಯಲಹಂಕದ ಆಚೆ ನಮ್ಮ ಊರು. ಸುತ್ತ ಅಪಾರ್ಟ್‌ಮೆಂಟ್‌ಗಳು ಎದ್ದರೂ ಕೊಟ್ಟಿಗೆಗಳು ಒಂದಷ್ಟು ಉಳಿದಿವೆ. ತಮ್ಮ ತೀರಿಕೊಂಡ ಮೇಲೆ ಅವಳ ತವರಿನವರು ಅವಳಿಗೊಂದು ಗಬ್ಬದ ಹಸು ಕೊಟ್ಟಿದ್ದರು. ನಮ್ಮ ಹಸುಗಳ ಜೊತೆ ಅದನ್ನೂ ಅವಳೇ ನೋಡಿಕೊಳ್ಳುತ್ತಿದ್ದಳು. ಹೆಣ್ಣುಗರು ಹುಟ್ಟಿದರೆ ಬೆಳೆಸಿ, ಎರಡು ಹಸುವಿನ ಹಾಲು ಡೈರಿಗೆ ಹಾಕಿಕೊಂಡು, ನಮ್ಮ ಕೈ ಕಾಯದೆ ಬದುಕಬೇಕೆಂಬುದು ಅವಳ ಆಸೆ. ಹುಟ್ಟಿದ್ದೂ ಹೆಣ್ಣುಗರುವೇ.

ಆಗ ನಾನು ಹಾಲಿನ ಸಂಘದ ಚುನಾವಣೆಗೆ ನಿಂತಿದ್ದೆ. ಹಸು ಈದರೆ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೆ ಹಂಚುವುದು ನಮ್ಮಲ್ಲಿ ವಾಡಿಕೆ. ನನಗೆ ಅಕ್ಕಪಕ್ಕ ಸಾಲದಾಗಿತ್ತು — ಊರೆಲ್ಲ ಬೇಕಿತ್ತು. ಕರು ಇನ್ನೂ ಒದ್ದೆಯಾಗಿ ನಡುಗುತ್ತಿರುವಾಗಲೇ ಪಾತ್ರೆ ಹಿಡಿದು ಕೂತೆ.

“ಭಾವ, ಮೊದ್ಲು ಕರುನ ಬುಡಾನ. ಬಾಯಾಡಿಸ್ತಾ ಐತೆ,” ಅಂದಳು.

“ಮಾಸು ಬೀಳ್ಲಿ, ಸುಮ್ನಿರು. ಅದ್ಕೂ ಮುಂಚೆ ಕುಡಿಸ್ಬಾರ್ದು ಅಂತ ಇರೀಕರು ಏಳವ್ರೆ.”

ಹಿರಿಯರು ಹಾಗೆ ಹೇಳುತ್ತಿದ್ದುದು ನಿಜ. ಅದು ತಪ್ಪೆಂದು ನನಗೆ ಗೊತ್ತಿದ್ದುದೂ ನಿಜ. ಸಂಘದ ತರಬೇತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದೆ — ಈದ ಹಸುವಿನ ಹೊಟ್ಟೆಯಿಂದ ಮಾಸುಚೀಲ ಬೀಳಲಿ ಬಿಡಲಿ, ಹುಟ್ಟಿದ ಕೂಡಲೇ ಗಿಣ್ಣುಹಾಲು ಕರುವಿನ ಹೊಟ್ಟೆ ಸೇರಬೇಕು, ರೋಗ ತಡೆಯುವ ಶಕ್ತಿ ಬರುವುದು ಅದರಿಂದಲೇ ಎಂದು. ಗೊತ್ತಿದ್ದೂ… ಕೆಚ್ಚಲು ಬರಿದಾಗುವವರೆಗೆ ಹಿಂಡಿದೆ. ಸಂಜೆಯೂ ಹಿಂಡಿದೆ. ಕರುವಿಗೆ ಕೊಟ್ಟದ್ದು ಬೇರೆ ಹಸುವಿನ ಹಾಲು, ನೀರು ಬೆರೆಸಿ.

“ಏನಣ್ಣ, ಗಿಣ್ಣು ತಿಂದ ಕೈ ಇನ್ನೊಬ್ರಿಗೆ ಓಟ್ ಆಕ್ತದಾ?” ಎಂದು ಎದುರುಮನೆಯವನು ನಕ್ಕ. ನಾನೂ ನಕ್ಕೆ.

ವಾರ ತುಂಬುವ ಮೊದಲೇ ಬಿಳಿ ಭೇದಿ ಹಿಡಿದು ಕರು ಸತ್ತಿತು.

ಆಮೇಲೆ ಹೆಬ್ಬಾಳದಿಂದ ಪಶುವೈದ್ಯಕೀಯ ಓದುವ ಇಬ್ಬರು ಹುಡುಗಿಯರು ಬಂದರು. ಹಸು ಕಟ್ಟಿದವರಿಗೆ ಕರು ಸಾಕುವುದರ ಬಗ್ಗೆ ಎಷ್ಟು ತಿಳಿದಿದೆಯೆಂದು ಮನೆಮನೆಯಲ್ಲಿ ಕೇಳುತ್ತಿದ್ದರು. ಸಂಘದವರೂ ಜೊತೆಗಿದ್ದರು. ಗಿಣ್ಣುಹಾಲು ಯಾವಾಗ, ಹೊಕ್ಕಳಿಗೆ ಏನು ಹಚ್ಚಬೇಕು, ಜಂತಿನ ಔಷಧಿ ಯಾವಾಗ — ಎಲ್ಲಕ್ಕೂ ಸರಿಯುತ್ತರ ಕೊಟ್ಟೆ.

“ಇಷ್ಟೆಲ್ಲ ಗೊತ್ತಿದ್ದೂ ನಿಮ್ಮನೆ ಕರು ಹೇಗೆ ಹೋಯ್ತು ಯಜಮಾನ್ರೇ?” ಎಂದಳು ಒಬ್ಬಳು.

ಆಗಲಾದರೂ ಬಾಯಿ ಬಿಡಬಹುದಿತ್ತು. ಆದರೆ ಸಂಘದವರು ನನ್ನನ್ನೇ ನೋಡುತ್ತಿದ್ದರು —

“ಹಸ ಈದಾಗ ನಾನು ಮನೇಲಿರ್ಲಿಲ್ಲ ಕಣಮ್ಮ. ನಮ್ಮ ಹೆಣ್ಮಕ್ಳಿಗೆ ಏನ್ ಗೊತ್ತಾಯ್ತದೆ? ಮಾಸು ಬೀಳ್ಲಿ ಅಂತ ಕಾಯ್ಕೊಂಡು ಕೂತ್ಬಿಟ್ಳು.”

ಸಗಣಿ ಬುಟ್ಟಿ ಹಿಡಿದು ಅವಳು ಅಲ್ಲೇ ನಿಂತಿದ್ದಳು. ನನ್ನ ಮುಖ ನೋಡಿ ಬುಟ್ಟಿ ಕೆಳಗಿಟ್ಟಳು. ಆ ಹುಡುಗಿ ಅವಳನ್ನು ಹತ್ತಿರ ಕರೆದು, ಮಗುವಿಗೆ ಹೇಳುವಂತೆ, ಕರುವಿಗೆ ಮೊದಲ ಹಾಲು ಏಕೆ ಬೇಕೆಂದು ತಿಳಿಸಿ ಹೇಳಿದಳು. “ಆಯ್ತಮ್ಮ,” ಅಂದಳು ಅವಳು.

ಅವಳ ಕೈಗುಣ ಸರಿಯಿಲ್ಲವೆಂದು ಊರು ಆಡಿಕೊಂಡಿತು. ಈಯುವ ಹಸುವಿನ ಹತ್ತಿರ ನಮ್ಮಮ್ಮ ಅವಳನ್ನು ಸೇರಿಸಲಿಲ್ಲ. ಕರು ಸತ್ತ ಹಸು ಸೊರವು ಬಿಡಲಿಲ್ಲ, ಹಾಲು ಕೊಡಲಿಲ್ಲ, ಅದನ್ನೂ ಮಾರಿಸಿದೆ. ನಾನು ಚುನಾವಣೆ ಗೆದ್ದೆ. ಅವಳು ನಾಗಸಂದ್ರದ ಕಡೆ ಯಾರದೋ ಮನೆಯ ಪಾತ್ರೆ ತೊಳೆಯಲು ಹೋದಳು.

ಅಮ್ಮ ಸಾಯುವವರೆಗೂ ಅವಳನ್ನೇ ಬೈಯುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ.

ಈಗಲೂ ಮದುವೆ ಮನೆಗಳಲ್ಲಿ ಸಿಗುತ್ತಾಳೆ. “ಚೆನ್ನಾಗಿದೀರಾ ಭಾವ?” ಅನ್ನುತ್ತಾಳೆ. ಚೆನ್ನಾಗಿದ್ದೇನೆ ಅನ್ನುತ್ತೇನೆ. ತಿಳಿಯದೆ ಮಾಡಿದವರಿಗೆ ಯಾರಾದರೂ ತಿಳಿಸಿ ಹೇಳಬಹುದು. ನನಗೆ ಯಾರು ಏನು ಹೇಳಬೇಕು…

ಊರಿನವರು ಓದಲೆಂದೇ ಬರೆದಿದ್ದೇನೆ. ಕರುವನ್ನು ಬಿಡೋಣ ಎಂದವಳು ಅವಳು. ಬಿಡದವನು ನಾನು. ಅವಳ ಕ್ಷಮೆಯನ್ನು ಇಂದಿನವರೆಗೂ ಕೇಳಿಲ್ಲ. ಅವಳ ಹೆಸರು ಮುನಿಲಕ್ಷ್ಮಮ್ಮ.