ನಿಶಿದಾ ಸಾಹೇಬರ ಬೆಳಗಿನ ಪ್ರಶ್ನೆ

ಉಚ್ಚಿಲದ ಕೋಯ ಮಂಗಳೂರು ಬಂದರಿನಲ್ಲಿ ಬೈಗುಳ ತಿಂದೇ ಕೆಲಸ ಕಲಿತವನು. ಬೈಯುವ ಯಜಮಾನನನ್ನು ನಂಬುತ್ತಿದ್ದ; ಬೈಯದವನನ್ನು ಕಂಡರೆ ದಿಗಿಲು. ಎಂಬತ್ತಮೂರನೇ ಇಸವಿಯಲ್ಲಿ ಗಲ್ಫಿನ ಎಣ್ಣೆ ಬಂದರು ರಾಸ್ ತನೂರಾದ ಜಪಾನಿ ಕಂಪನಿಯೊಂದರಲ್ಲಿ ಕ್ರೇನಿನ ಕೊಕ್ಕೆಗೆ ಪೈಪು ಕಟ್ಟುವ ಕೆಲಸಕ್ಕೆ ಸೇರಿದ ಮೇಲೆ ಆ ದಿಗಿಲು ದಿನನಿತ್ಯದ್ದಾಯಿತು.

ಅಲ್ಲಿಯ ನಿಶಿದಾ ಸಾಹೇಬರು ಬೈಯುತ್ತಲೇ ಇರಲಿಲ್ಲ. ಬೆಳಿಗ್ಗೆ ಎಲ್ಲರಿಂದ ಕಸರತ್ತು ಮಾಡಿಸಿ, ತಲೆಬಾಗಿ, ಹರಕು ಹಿಂದಿಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತಿದ್ದರು: ನಿನ್ನೆ ನಿಮ್ಮ ಕೈಯಲ್ಲಿ ಯಾವ ಅಪಘಾತ ಕೂದಲೆಳೆಯಲ್ಲಿ ತಪ್ಪಿತು? ಹೇಳಿದವರಿಗೆ ಶಿಕ್ಷೆ ಇಲ್ಲವಂತೆ! ಅತಿವಿನಯಂ ಧೂರ್ತಲಕ್ಷಣಂ ಎಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಬಾಯಿ ಬಿಟ್ಟರೆ ಪಾಸ್‌ಪೋರ್ಟಿಗೆ ಎಕ್ಸಿಟ್ ಹೊಡೆದು ಊರಿಗೆ ಕಳಿಸ್ತಾರೆ ಮಾರಾಯ. ನೀನು ಎಂತದೂ ಹೇಳ್ಬೇಡ," ಎಂದಿದ್ದ ಅದ್ದು. ಕೋಯನ ಊರಿನವನೇ, ಒಂದೇ ಕೋಣೆಯ ಗೆಳೆಯ. ಹಾಗಾಗಿ ಸಾಹೇಬರಿಗೆ ಕೊಡುವ ಉತ್ತರದಲ್ಲಿ ದಿನವೂ ಒಬ್ಬನ ಬೂಟಿನ ದಾರ ಬಿಚ್ಚುತ್ತಿತ್ತು, ಇನ್ನೊಬ್ಬನ ಕಣ್ಣಿಗೆ ಮರಳು ಬೀಳುತ್ತಿತ್ತು.

ಒಂದು ಸಂಜೆ ಕೋಯ ಕಟ್ಟಿದ ಪೈಪು ಮೊಣಕಾಲೆತ್ತರಕ್ಕೆ ಏರುವಾಗಲೇ ಕೊಕ್ಕೆಯಿಂದ ಜಾರಿ ಮರಳಿಗೆ ಬಿತ್ತು. ಕೊಕ್ಕೆಯ ಬಾಯಿಗೆ ಅಡ್ಡ ನಿಲ್ಲುವ ತಗಡು ಮುರಿದಿತ್ತು. ಇವನು ನೋಡದೆ ಕಟ್ಟಿದ್ದ. ಮರುದಿನ ಅದೇ ಕೊಕ್ಕೆಯ ಕೆಳಗೆ ನಿಂತು ಪೈಪು ಇಳಿಸಿಕೊಳ್ಳುವ ಸರದಿ ಅದ್ದುವಿನದು. ಕೊಕ್ಕೆ ಬದಲಿಸಲು ಸಾಹೇಬರ ಅಪ್ಪಣೆಯೇ ಬೇಕು.

ಬೆಳಿಗ್ಗೆ ಕೋಯ ಬಾಯಿ ಬಿಟ್ಟ. ತಪ್ಪು ತನ್ನದೆಂದೂ ಹೇಳಿದ. ಸಾಹೇಬರು ಕೆಲಸ ನಿಲ್ಲಿಸಿ ಕೊಕ್ಕೆ ಬಿಚ್ಚಿಸಿದರು, ಎಲ್ಲರೆದುರು ಅವನಿಗೆ ಸೊಂಟ ಬಗ್ಗಿಸಿ ನಮಿಸಿದರು. ಬಲಿ ಕೊಡುವ ಮುಂಚಿನ ಉಪಚಾರ ಎಂದುಕೊಂಡ ಕೋಯ ಆ ವಾರವಿಡೀ ಸರಿಯಾಗಿ ಉಣ್ಣಲಿಲ್ಲ. ಆಫೀಸಿನಿಂದ ಕರೆ ಬಂದಾಗ ಪೆಟ್ಟಿಗೆ ಕಟ್ಟಿಟ್ಟೇ ಹೋದ. ಅವರು ಕೊಟ್ಟದ್ದು ಹಸಿರು ಪಟ್ಟಿಯ ಹೆಲ್ಮೆಟ್ಟು. ಇನ್ನು ಮುಂದೆ ತಂಡದ ಸುರಕ್ಷತೆ ಅವನ ಜವಾಬ್ದಾರಿ.

ಖುಷಿಯಲ್ಲಿ ಕೋಣೆಗೆ ಓಡಿದ. ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಒಳಗಿನ ಮಾತು ನಿಂತಿತು. ಅದ್ದು ಎದ್ದು ಮಂಚ ಬಿಟ್ಟುಕೊಟ್ಟ.

"ಬನ್ನಿ ಸಾರ್, ಕೂತ್ಕೊಳ್ಳಿ. ನಾವು ಈಗ ಮಾತಾಡಿದ್ದನ್ನೂ ನಾಳೆ ಜಪಾನಿ ಸಾಹೇಬರಿಗೆ ಹೇಳ್ಲಿಕ್ಕುಂಟಾ?"

"ನಿನ್ನ ತಲೆ ಉಳೀಲಿ ಅಂತಲೇ ಹೇಳಿದ್ದಲ್ವಾ ನಾನು!" ಎಂದ ಕೋಯ.

"ಹೌದು ಸಾರ್," ಎಂದ ಅದ್ದು. ಕೋಯನ ಮಾತನ್ನು ಅವನು ನಂಬಲಿಲ್ಲ.